ಉತ್ತರ ತಿಳಿಯದ ಲೆಕ್ಕ

ಲೆಕ್ಕದ ಉತ್ತರ ಪುಸ್ತಕದ ಕೊನೆಯ ಪುಟದಲ್ಲಿದ್ದರೆ ತಪ್ಪನ್ನು ಹಿಡಿಯುವುದು ಸುಲಭ. ಉತ್ತರವನ್ನು ಯಾರೊಬ್ಬರೂ ಅರಿಯದ ಲೆಕ್ಕದಲ್ಲಿ ತಪ್ಪನ್ನು ಹುಡುಕುವುದೆಂತು? ಗಣಕಯಂತ್ರದ ಮುಂದೆ ನಿಂತು ಈ ಪ್ರಶ್ನೆಯನ್ನು ಮೊದಮೊದಲು ಎದುರಿಸಿದವರಲ್ಲಿ ಕ್ಲಾರಾ ವಾನ್ ನ್ಯೂಮನ್ ಒಬ್ಬಳು.

ಆಕೆ ಹುಟ್ಟಿದುದು 1911ರಲ್ಲಿ, ಹಂಗೆರಿಯ ಬುಡಾಪೆಸ್ಟ್ ನಗರದ ಸಿರಿವಂತ ಯೆಹೂದಿ ಮನೆತನದಲ್ಲಿ. ಹದಿನಾಲ್ಕನೆಯ ವಯಸ್ಸಿಗೇ ಸ್ಕೇಟಿಂಗ್ ಕ್ರೀಡೆಯಲ್ಲಿ ರಾಷ್ಟ್ರಪ್ರಶಸ್ತಿ ಗೆದ್ದಳು. 1938ರಲ್ಲಿ ಪ್ರಖ್ಯಾತ ಗಣಿತಜ್ಞ ಜಾನ್ ವಾನ್ ನ್ಯೂಮನ್‌ನ ಕೈಹಿಡಿದು ಅಮೆರಿಕದ ಪ್ರಿನ್ಸ್‌ಟನ್ನಿಗೆ ಬಂದಳು. ಪ್ರೌಢಶಾಲೆಯ ಗಣಿತದಿಂದಾಚೆಗೆ ಆಕೆ ಓದಿದವಳಲ್ಲ.

ಮಹಾಯುದ್ಧ ಮುಗಿದ ಮೇಲೆ ಲಾಸ್ ಅಲಮೋಸ್‌ನ ವಿಜ್ಞಾನಿಗಳಿಗೆ ಪರಮಾಣು ಬಾಂಬಿನೊಳಗೆ ನ್ಯೂಟ್ರಾನುಗಳ ಸಂಚಾರವನ್ನು ತಿಳಿಯಬೇಕಾಗಿತ್ತು. ಸಮೀಕರಣಗಳು ಸೋತಲ್ಲಿ ಸ್ಟಾನಿಸ್ಲಾ ಉಲಮ್‌ಗೆ ಜೂಜಿನ ಹಾದಿ ಹೊಳೆಯಿತು: ಒಂದೊಂದು ನ್ಯೂಟ್ರಾನಿನ ಗತಿಯನ್ನೂ ದಾಳ ಹಾಕಿದಂತೆ ಆಕಸ್ಮಿಕಕ್ಕೆ ಬಿಟ್ಟು, ಹಲವನ್ನು ಹಿಂಬಾಲಿಸಿ ಎಣಿಸುವುದು. ಜೂಜಿಗೆ ಹೆಸರಾದ ಮಾಂಟೆ ಕಾರ್ಲೊ ಪಟ್ಟಣದ ಹೆಸರೇ ಈ ವಿಧಾನಕ್ಕೆ ಬಂದಿತು. ಇಂದಿನ ಸಿಮ್ಯುಲೇಷನ್ನಿನ ಮೂಲಗಳಲ್ಲಿ ಇದೊಂದು. ಆ ಲೆಕ್ಕವನ್ನು ಯಂತ್ರದ ಆದೇಶಗಳಾಗಿ ಬರೆಯುವ ಹೊಣೆ ಕ್ಲಾರಾಳದಾಯಿತು.

ಯಂತ್ರವಿದ್ದುದು ಮೇರಿಲ್ಯಾಂಡಿನ ಅಬರ್ಡೀನ್‌ನಲ್ಲಿ. ಅದೇ ಎನಿಯಾಕ್, ಸುಮಾರು 18,000 ನಿರ್ವಾತ ಕವಾಟಗಳ, 30 ಟನ್ನಿನ ದೈತ್ಯ. ಮೊದಲು ಪ್ರತಿ ಹೊಸ ಲೆಕ್ಕಕ್ಕೂ ಅದರ ತಂತಿಗಳನ್ನು ಬದಲಿಸಬೇಕಾಗಿತ್ತು. 1948ರಲ್ಲಿ, ಆದೇಶಗಳನ್ನು ತಾನೇ ಓದಿ ನಡೆಯುವಂತೆ ಅದನ್ನು ಅಣಿಗೊಳಿಸುವ ಕೆಲಸದಲ್ಲಿ ಆಕೆ ನಿಕೋಲಸ್ ಮೆಟ್ರೊಪೊಲಿಸ್ ಜೊತೆಗೂಡಿ 32 ದಿನ ದುಡಿದಳು. ಆ ವರ್ಷದ ಏಪ್ರಿಲ್-ಮೇ ತಿಂಗಳುಗಳಲ್ಲಿ ಮಾಂಟೆ ಕಾರ್ಲೊ ಲೆಕ್ಕ ಓಡಿತು.

ಒಂದೊಂದು ರಂಧ್ರದ ಕಾರ್ಡೂ ಒಂದೊಂದು ನ್ಯೂಟ್ರಾನಿನ ಸ್ಥಿತಿಯನ್ನು ಹೊತ್ತಿತ್ತು. ಕವಾಟ ಸುಟ್ಟರೂ, ಆದೇಶ ತಪ್ಪಿದರೂ ಯಂತ್ರ ಹೊರಗೆಡಹುವುದು ಅಂಕಿಗಳನ್ನೇ. ಸುಳ್ಳು ಅಂಕಿಗೂ ನಿಜದ ಅಂಕಿಗೂ ಮುಖದಲ್ಲಿ ಭೇದವಿಲ್ಲ. ಎನಿಯಾಕಿಗೆ ಕೈಯಲ್ಲಿ ಹಿಡಿಯುವ ಒಂದು ಪೆಟ್ಟಿಗೆಯಿತ್ತು. ಅದನ್ನು ಹಿಡಿದು, ಗುಂಡಿಯೊತ್ತಿ, ಲೆಕ್ಕವನ್ನು ಒಂದೊಂದೇ ಹೆಜ್ಜೆ ನಡೆಸಿ, ಮಿನುಗುವ ದೀಪಗಳಲ್ಲಿ ಅಂಕಿಗಳನ್ನು ಓದಿ, ದೋಷವಿರುವ ಎಡೆಯನ್ನು ಕಂಡುಕೊಳ್ಳಬಹುದಾಗಿತ್ತು. ಇಂದು ಪೈಥಾನ್ ಭಾಷೆಯಲ್ಲಿ ರಚಿಸಿದ ಸಾಧನದಿಂದ, ದೂರದ ಗಣಕದಲ್ಲಿ ಓಡುತ್ತಿರುವ ಸಿಮ್ಯುಲೇಷನ್ನನ್ನು ತಡೆದು ನಿಲ್ಲಿಸಿ ಅದರ ಒಳಗನ್ನು ನೋಡುವವರು ಮಾಡುವುದೂ ಇದನ್ನೇ.

1950ರಲ್ಲಿ ಅದೇ ಯಂತ್ರದ ಮೇಲೆ ಮೊದಲ ಗಣಕ ಹವಾಮುನ್ಸೂಚನೆ ನಡೆದಾಗ, ಹವಾಮಾನ ವಿಜ್ಞಾನಿಗಳಿಗೆ ಆದೇಶ ಬರೆಯುವುದನ್ನು ಕಲಿಸಿ, ಅವರ ಅಂತಿಮ ಬರಹವನ್ನು ಪರಿಶೀಲಿಸಿದವಳೂ ಕ್ಲಾರಾಳೇ. ಆ ಪ್ರಬಂಧದಲ್ಲಿ ಆಕೆಗೆ ದೊರೆತುದು ಕೃತಜ್ಞತೆಯ ಒಂದು ಮಾತು.

ಪತಿ 1957ರಲ್ಲಿ ತೀರಿಕೊಂಡನು. ಮರುವರ್ಷ ಭೌತವಿಜ್ಞಾನಿ ಕಾರ್ಲ್ ಎಕಾರ್ಟ್‌ನನ್ನು ಮದುವೆಯಾಗಿ ಕ್ಯಾಲಿಫೋರ್ನಿಯದ ಲಾ ಹೋಯದಲ್ಲಿ ನೆಲೆಸಿದಳು. 1963ರ ನವೆಂಬರಿನಲ್ಲಿ ಅಲ್ಲಿಯ ಕಡಲಿನಲ್ಲಿ ಆಕೆಯ ಬಾಳು ಮುಗಿಯಿತು. ಬರೆಯತೊಡಗಿದ್ದ ಆತ್ಮಕಥೆ ಅರ್ಧಕ್ಕೇ ನಿಂತಿತು. ಬಹುಕಾಲ ಲೋಕ ಆಕೆಯನ್ನು ಮಹಾಪುರುಷನೊಬ್ಬನ ಪತ್ನಿಯೆಂದಷ್ಟೇ ಬಲ್ಲುದಾಗಿತ್ತು. ಕಡತಗಳಲ್ಲಿ ಉಳಿದಿದ್ದ ಹಾಳೆಗಳನ್ನು ಇತಿಹಾಸಕಾರರು ಬಿಡಿಸಿ ಓದಿದ ಮೇಲೆ ಆಕೆಯ ದುಡಿಮೆ ಬೆಳಕಿಗೆ ಬಂದಿತು. ಲೆಕ್ಕದಲ್ಲಿ ಕಣ್ತಪ್ಪಿಹೋದ ಒಂದು ಅಂಕಿಯನ್ನು ಕಂಡುಹಿಡಿಯಲು ಎಷ್ಟು ತಾಳ್ಮೆ ಬೇಕೋ, ಚರಿತ್ರೆಯಲ್ಲಿ ಬಿಟ್ಟುಹೋದ ಒಂದು ಹೆಸರನ್ನು ಮರಳಿ ಬರೆಯಲೂ ಅಷ್ಟೇ ಬೇಕಾಯಿತು.