ರಾಸ್ ಮಗುಚಿದ ನೀರಿನ ತೊಟ್ಟಿ

ಚೊಳಚಗುಡ್ಡದ ನಮ್ಮ ಮನೆಯಲ್ಲಿ ನಲ್ಲಿ ನೀರು ಬಂದಾಗ ಬ್ಯಾರಲ್, ಕೊಡ, ಬಕೆಟ್ ಎಲ್ಲವನ್ನೂ ತುಂಬಿಸಿಡುವುದು ರೂಢಿ. ಕಳೆದ ಮಳೆಗಾಲದಲ್ಲಿ ಜೀವಶಾಸ್ತ್ರದ ಸರ್ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಪಾಠ ಮಾಡುತ್ತ, ಅದಕ್ಕೆ ಮನೆಯಲ್ಲೇ ಬಲೆ ಒಡ್ಡಬಹುದು ಎಂದರು. ಒಂದು ಕಪ್ಪು ಡಬ್ಬಿ, ಅದರಲ್ಲಿ ಅರ್ಧ ನೀರು, ಒಳಗೋಡೆಗೆ ಒಂದು ಒರಟು ಬಟ್ಟೆ ಇಷ್ಟಿದ್ದರೆ ಸಾಕು. ಮೊಟ್ಟೆ ಇಡುವ ಹೆಣ್ಣು ಸೊಳ್ಳೆ ನೆರಳಿನಲ್ಲಿರುವ ಕಪ್ಪು ಪಾತ್ರೆಯನ್ನು ಹುಡುಕಿಕೊಂಡು ಬರುತ್ತದೆ. ನೀರಿನ ಮೇಲಲ್ಲ, ನೀರಿಗಿಂತ ತುಸು ಮೇಲಿನ ಒದ್ದೆ ಜಾಗಕ್ಕೆ ಮೊಟ್ಟೆ ಅಂಟಿಸುತ್ತದೆ. ವಾರಕ್ಕೊಮ್ಮೆ ಆ ಬಟ್ಟೆ ತೆಗೆದು ಮೊಟ್ಟೆಗಳನ್ನು ನಾಶಮಾಡಿ, ನೀರು ಚೆಲ್ಲಿ, ಡಬ್ಬಿಯನ್ನು ತಿಕ್ಕಿ ತೊಳೆಯಬೇಕು.

ನಾನು ಬಚ್ಚಲಿನ ಹಿಂದೆ ಒಂದು ಡಬ್ಬಿ ಇಟ್ಟೆ. ಎರಡು ವಾರ ಎಲ್ಲ ಸರಿಯಾಗಿ ನಡೆಯಿತು. ಆಮೇಲೆ ಕಿರುಪರೀಕ್ಷೆ ಬಂತು, ಡಬ್ಬಿ ಮರೆತೇಹೋಯಿತು. ಮತ್ತೆ ನೋಡಿದಾಗ ನೀರಿನಲ್ಲಿ ಹುಳುಗಳು ಕುಣಿಯುತ್ತಿದ್ದವು, ಕೆಲವು ಆಗಲೇ ಸೊಳ್ಳೆಯಾಗಿ ಹಾರಿಹೋಗಿದ್ದವು. ಅದೇ ವಾರ ತಮ್ಮನಿಗೆ ಜ್ವರ ಬಂತು. ರಕ್ತ ಪರೀಕ್ಷೆಯಲ್ಲಿ ಡೆಂಗಿ ಎಂದು ತಿಳಿಯಿತು. ನಾಲ್ಕು ದಿನ ಆಸ್ಪತ್ರೆಯಲ್ಲಿ ಅಮ್ಮಿ ಅವನ ಪಕ್ಕದಿಂದ ಏಳಲಿಲ್ಲ. ಈಗ ತಾನೇ ಹುಟ್ಟಿದ ಸೊಳ್ಳೆ ಮೊದಲು ರೋಗಿಯ ರಕ್ತ ಕುಡಿದು, ಒಂದು ವಾರಕ್ಕೂ ಹೆಚ್ಚು ದಿನ ಕಳೆದ ಮೇಲೇ ರೋಗ ಹರಡಬಲ್ಲದು, ಹಾಗಾಗಿ ತಮ್ಮನನ್ನು ಕಚ್ಚಿದ್ದು ಬೇರೆ ಯಾವುದೋ ಹಳೆಯ ಸೊಳ್ಳೆ ಎಂದು ಸರ್ ಸಮಾಧಾನ ಹೇಳಿದರು. ಆದರೂ ನನ್ನ ಮನಸ್ಸು ತಿಳಿಯಾಗಲಿಲ್ಲ. ಆ ದಿನಗಳಲ್ಲೇ ಕಾಲೇಜಿನ ಗ್ರಂಥಾಲಯದಲ್ಲಿ ಸರ್ ರೊನಾಲ್ಡ್ ರಾಸ್ ಅವರ ಜೀವನ ಓದಿದೆ. ಅವರ ಸೊಳ್ಳೆಯ ಕಥೆಯೂ ಮನೆಯ ಹತ್ತಿರದ ಒಂದು ನೀರಿನ ತೊಟ್ಟಿಯಿಂದಲೇ, ಅದೂ ನಮ್ಮ ಬೆಂಗಳೂರಿನಲ್ಲೇ ಶುರುವಾಗುತ್ತದೆ.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಅಲ್ಮೋರಾದಲ್ಲಿ. ತಂದೆ ಸೇನೆಯ ಅಧಿಕಾರಿ. ಮಗನಿಗೆ ಕವಿತೆ, ಸಂಗೀತ, ಗಣಿತ ಇಷ್ಟ. ವೈದ್ಯಕೀಯ ಓದಿದ್ದು ತಂದೆಯ ಒತ್ತಾಯಕ್ಕೆ. 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು. 1883ರಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದಾಗ ಅವರ ಕೋಣೆಯಲ್ಲಿ ಬೇರೆಯವರ ಕೋಣೆಗಳಿಗಿಂತ ಹೆಚ್ಚು ಸೊಳ್ಳೆ ಇದ್ದವು. ಯಾಕೆಂದು ಹುಡುಕಿದರೆ, ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ, ಅದರ ತುಂಬ ಹುಳು. ತೊಟ್ಟಿ ಮಗುಚಿದರು. ಸೊಳ್ಳೆ ಕಡಿಮೆಯಾದವು. ಉಳಿದ ತೊಟ್ಟಿ, ಡಬ್ಬಿ, ಹೂದಾನಿಗಳ ನೀರನ್ನೂ ಚೆಲ್ಲಿಸೋಣ ಎಂದು ಮೇಲಿನ ಅಧಿಕಾರಿಯನ್ನು ಕೇಳಿದರೆ ಅವರು ಒಪ್ಪಲಿಲ್ಲ. ಪ್ರಕೃತಿಯ ವ್ಯವಸ್ಥೆಯನ್ನು ಕೆಡಿಸಬಾರದು, ಸೊಳ್ಳೆಯನ್ನು ಸಹಿಸಿಕೊಳ್ಳಬೇಕು ಎನ್ನುವುದು ಅವರ ವಾದವಾಗಿತ್ತು. ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧವಿದೆ ಎಂದು ಆಗ ರಾಸ್ ಅವರಿಗೂ ಗೊತ್ತಿರಲಿಲ್ಲ.

ಆ ಸಂಬಂಧದ ಸುಳಿವು ಸಿಕ್ಕಿದ್ದು 1894ರಲ್ಲಿ, ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯರಿಂದ. ಮರುವರ್ಷ ರಾಸ್ ಸಿಕಂದರಾಬಾದಿಗೆ ಬಂದು ಪ್ರಯೋಗ ಶುರುಮಾಡಿದರು. ರೋಗಿಯನ್ನು ಸೊಳ್ಳೆಪರದೆಯೊಳಗೆ ಮಲಗಿಸಿ, ಒಳಗೆ ಸೊಳ್ಳೆ ಬಿಡುವುದು ಅವರ ವಿಧಾನ. ನಾವು ಸೊಳ್ಳೆ ಒಳಗೆ ಬರಬಾರದೆಂದು ಕಟ್ಟುವ ಪರದೆಯನ್ನು ಅವರು ಸೊಳ್ಳೆ ಹೊರಗೆ ಹೋಗಬಾರದೆಂದು ಕಟ್ಟಿದರು. ಆದರೆ ಸೊಳ್ಳೆಗಳು ಕಚ್ಚಲೇ ಒಲ್ಲೆ ಎಂದವು. ಕೊನೆಗೆ ಹಾಸಿಗೆಗೂ ಪರದೆಗೂ ನೀರು ಹಾಕಿ ಒದ್ದೆ ಮಾಡಿದಾಗ ಕಚ್ಚತೊಡಗಿದವು. ಒಣ ಸೆಕೆಯಲ್ಲಿ ಸುಮ್ಮನಿರುವ ಸೊಳ್ಳೆ ತೇವ ಕಂಡರೆ ಚುರುಕಾಗುತ್ತದೆ. ಸೊಳ್ಳೆಯ ಸ್ವಭಾವ ತಿಳಿಯದೆ ಅದನ್ನು ಹಿಡಿಯಲಾಗದು ಎಂಬ ಪಾಠ ಅವರಿಗೆ ಹೀಗೆ ಒಂದೊಂದಾಗಿ ಸಿಕ್ಕಿತು.

1895ರ ಸೆಪ್ಟೆಂಬರ್‌ನಲ್ಲಿ ಕಾಲರಾ ತಡೆಯಲು ಅವರನ್ನು ಮತ್ತೆ ಬೆಂಗಳೂರಿಗೆ ಕಳಿಸಿದರು. ಅಲ್ಲಿಯೂ ಬಿಡುವಿನಲ್ಲಿ ಸೊಳ್ಳೆಯ ಕೆಲಸ ನಡೆದೇ ಇತ್ತು. ಬೌರಿಂಗ್ ಆಸ್ಪತ್ರೆಯ ಒಬ್ಬ ಸಹಾಯಕ ವೈದ್ಯರು ತಾವಾಗಿಯೇ ಮುಂದೆ ಬಂದು, ಮಲೇರಿಯಾ ರೋಗಿಯ ರಕ್ತ ಕುಡಿದ ಸೊಳ್ಳೆಗಳಿಂದ ಕಚ್ಚಿಸಿಕೊಂಡರು. ಜ್ವರ ಬರಲಿಲ್ಲ. ಎರಡು ವರ್ಷ ರಾಸ್ ಪರೀಕ್ಷಿಸಿದ್ದು ತಪ್ಪು ಜಾತಿಯ ಸೊಳ್ಳೆಗಳನ್ನು. ಮಲೇರಿಯಾ ಹರಡುವುದು ಅನಾಫಿಲಿಸ್. ಅವರ ಕೈಗೆ ಸುಲಭವಾಗಿ ಸಿಗುತ್ತಿದ್ದದ್ದು ಕ್ಯೂಲೆಕ್ಸ್ ಮತ್ತು ಈಡಿಸ್.

1897ರ ಬೇಸಿಗೆಯ ನಂತರ ಮತ್ತೆ ಸಿಕಂದರಾಬಾದ್. ಆಗಸ್ಟ್‌ನಲ್ಲಿ ಸಹಾಯಕರು ತಂದ ಹುಳುಗಳಿಂದ ರೆಕ್ಕೆಯ ಮೇಲೆ ಚುಕ್ಕೆಯಿರುವ ಕಂದು ಸೊಳ್ಳೆಗಳು ಹೊರಬಂದವು. 16ರಂದು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಪರದೆಯೊಳಗೆ ಮಲಗಿ ಅವುಗಳಿಗೆ ಮೈಯೊಡ್ಡಿದ. ಒಂದು ಸೊಳ್ಳೆಗೆ ಒಂದು ಆಣೆಯಂತೆ ಅವನಿಗೆ ಕೂಲಿ. ಆ ಸೆಕೆಯಲ್ಲೂ ರಾಸ್ ಪಂಖಾ ಹಾಕಿಸುವಂತಿರಲಿಲ್ಲ, ಗಾಳಿಗೆ ಕೊಯ್ದ ಸೊಳ್ಳೆಗಳು ಹಾರಿಹೋಗುತ್ತಿದ್ದವು. ಬೆವರು ಬಿದ್ದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಆಗಸ್ಟ್ 20ರಂದು, ಉಳಿದಿದ್ದ ಕೆಲವೇ ಸೊಳ್ಳೆಗಳಲ್ಲಿ ಒಂದರ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಕಣಗಳಿದ್ದ ಗುಂಡನೆಯ ಕೋಶಗಳು ಕಂಡವು. ಅವು ಮಲೇರಿಯಾದ ಪರಾವಲಂಬಿಗಳು. ಆ ದಿನವೇ ಇಂದು ವಿಶ್ವ ಸೊಳ್ಳೆ ದಿನ.

1898ರಲ್ಲಿ ಕಲ್ಕತ್ತಾಕ್ಕೆ ಹೋದಾಗ ಅವರಿಗೆ ಮಹಮ್ಮದ್ ಬಕ್ಷ್ ಎಂಬ ಸಹಾಯಕ ಸಿಕ್ಕ. ಅಲ್ಲಿ ಮನುಷ್ಯರ ಬದಲು ಹಕ್ಕಿಗಳ ಮಲೇರಿಯಾದ ಮೇಲೆ ಕೆಲಸ ನಡೆಯಿತು. ಪರಾವಲಂಬಿಗಳು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಸೇರುವುದನ್ನು ರಾಸ್ ಆ ವರ್ಷದ ಜುಲೈನಲ್ಲಿ ಕಂಡರು. ಕಚ್ಚುವುದರಿಂದಲೇ ರೋಗ ಹರಡುತ್ತದೆ ಎಂದು ಅದರಿಂದ ಖಚಿತವಾಯಿತು. 1902ರಲ್ಲಿ ಅವರಿಗೆ ನೊಬೆಲ್ ಬಂತು. ಭಾರತದಲ್ಲಿ ಹುಟ್ಟಿದವರೊಬ್ಬರಿಗೆ ಸಿಕ್ಕ ಮೊದಲ ನೊಬೆಲ್ ಅದು. ರಾಸ್ ದೋಷವಿಲ್ಲದ ಮನುಷ್ಯರೇನಲ್ಲ. ಇಟಲಿಯ ವಿಜ್ಞಾನಿ ಗ್ರಾಸಿ ಅವರೊಂದಿಗೆ ಶ್ರೇಯಸ್ಸಿಗಾಗಿ ವರ್ಷಗಟ್ಟಲೆ ಜಗಳವಾಡಿದರು.

ನನಗೆ ಹೆಚ್ಚು ಹಿಡಿಸಿದ್ದು ನೊಬೆಲ್ ನಂತರದ ಕೆಲಸ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಮಾತನಾಡುತ್ತ ಅವರು ಒಂದು ಗಣಿತದ ಪ್ರಶ್ನೆ ಎತ್ತಿದರು: ಹುಟ್ಟಿದ ನೀರಿನಿಂದ ಸೊಳ್ಳೆ ಎಷ್ಟು ದೂರ ಹೋಗುತ್ತದೆ? ಸೊಳ್ಳೆ ನೆಟ್ಟಗೆ ಹಾರುವುದಿಲ್ಲ, ಒಮ್ಮೆ ಅತ್ತ ಒಮ್ಮೆ ಇತ್ತ ತಿರುಗುತ್ತದೆ. ಹಾಗಾಗಿ ಹೆಚ್ಚಿನವು ಹುಟ್ಟಿದ ಜಾಗದ ಆಸುಪಾಸಿನಲ್ಲೇ ಉಳಿಯುತ್ತವೆ ಎಂದು ಲೆಕ್ಕ ತೋರಿಸಿತು. ನಮ್ಮ ಸುತ್ತ ನೀರು ನಿಲ್ಲದಂತೆ ಮಾಡಿದರೆ ನಮ್ಮ ಸೊಳ್ಳೆ ಕಡಿಮೆಯಾಗುತ್ತವೆ ಎಂಬುದೇ ಇದರ ಅರ್ಥ. ಕೊನೆಯ ಸೊಳ್ಳೆಯವರೆಗೂ ಕೊಲ್ಲಬೇಕಿಲ್ಲ, ಒಂದು ಮಿತಿಗಿಂತ ಕೆಳಗೆ ಇಳಿಸಿದರೂ ಮಲೇರಿಯಾ ತಾನಾಗಿ ನಿಲ್ಲುತ್ತದೆ ಎಂದೂ ಅವರು ಗಣಿತದಿಂದ ತೋರಿಸಿದರು. ಸೂಯೆಜ್ ಕಾಲುವೆಯ ಇಸ್ಮಾಯಿಲಿಯಾ ಪಟ್ಟಣದಲ್ಲಿ ಅವರ ಸಲಹೆಯಂತೆ ನಿಂತ ನೀರನ್ನು ತೆಗೆಸಿದಾಗ, ಕೆಲವೇ ವರ್ಷಗಳಲ್ಲಿ ಅಲ್ಲಿ ಮಲೇರಿಯಾ ಬಹುತೇಕ ನಿಂತಿತು. ರಾಸ್ 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಇದೆಲ್ಲ ಓದಿದ ಮೇಲೆ ನನ್ನ ತಪ್ಪು ನನಗೆ ಅರ್ಥವಾಯಿತು. ಈಡಿಸ್ ತನ್ನ ಮೊಟ್ಟೆಗಳನ್ನೆಲ್ಲ ಒಂದೇ ಕಡೆ ಇಡುವುದಿಲ್ಲ. ಹಲವು ಪಾತ್ರೆಗಳಿಗೆ ಸ್ವಲ್ಪ ಸ್ವಲ್ಪ ಹಂಚುತ್ತದೆ. ಮುಚ್ಚದ ಬ್ಯಾರಲ್‌ಗಳ ನಡುವೆ ನಾನು ಒಂದು ಬಲೆ ಇಟ್ಟು ನಿಶ್ಚಿಂತೆಯಾಗಿದ್ದೆ. ನೋಡಿಕೊಳ್ಳದಿದ್ದರೆ ಬಲೆಯೇ ಸೊಳ್ಳೆಯ ತೊಟ್ಟಿಲಾಗುತ್ತದೆ. ಒಣಗಿದ ಮೊಟ್ಟೆ ತಿಂಗಳುಗಟ್ಟಲೆ ಕಾದು, ನೀರು ತಾಗಿದೊಡನೆ ಮರಿಯಾಗಬಲ್ಲದು. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಪಾತ್ರೆಯ ಒಳಗೋಡೆಯನ್ನು ಚೆನ್ನಾಗಿ ತಿಕ್ಕಬೇಕು.

ಈಗ ಪ್ರತಿ ಶುಕ್ರವಾರ ಬೆಳಿಗ್ಗೆ ನಾನೂ ತಮ್ಮನೂ ಸೇರಿ ಬ್ಯಾರಲ್ ತಿಕ್ಕುತ್ತೇವೆ, ಬಟ್ಟೆ ಕಟ್ಟಿ ಬಾಯಿ ಮುಚ್ಚುತ್ತೇವೆ. ಕಪ್ಪು ಡಬ್ಬಿಯನ್ನೂ ಮತ್ತೆ ಇಟ್ಟಿದ್ದೇನೆ. ತೊಳೆದ ತಾರೀಖನ್ನು ಅದರ ಮೇಲೆ ಸೀಮೆಸುಣ್ಣದಿಂದ ಬರೆಯುತ್ತೇನೆ. ಹುಸೇನ್ ಖಾನ್ ಮತ್ತು ಮಹಮ್ಮದ್ ಬಕ್ಷ್ ಅವರಿಗೆ ಯಾರೂ ಪದಕ ಕೊಡಲಿಲ್ಲ. ಆದರೆ ಅವರಿಲ್ಲದೆ ಆ ಕೆಲಸ ಮುಗಿಯುತ್ತಿರಲಿಲ್ಲ. ಗೆಳೆಯರೇ, ಗೆಳತಿಯರೇ, ಈ ಪತ್ರಿಕೆ ಮಡಿಚಿಟ್ಟ ಮೇಲೆ ಒಮ್ಮೆ ನಿಮ್ಮ ಬಚ್ಚಲ ಹಿಂದೆ, ಮಾಳಿಗೆಯ ಮೇಲೆ ನೋಡಿ ಬನ್ನಿ. ನೀರು ನಿಂತ ಪಾತ್ರೆ ಕಂಡರೆ ಮಗುಚಿಬಿಡಿ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ