ಜ್ವರದ ಬೇರನ್ನು ಅರಸಿದ ವೈದ್ಯ: ರುಡಾಲ್ಫ್ ವಿರ್ಚೋ

ಜೀವಕೋಶವೇ ರೋಗದ ನೆಲೆಯೆಂದು ತೋರಿಸಿದ ವಿಜ್ಞಾನಿಯೆಂದು ರುಡಾಲ್ಫ್ ವಿರ್ಚೋ ಅವರು ಪ್ರಸಿದ್ಧರು. ಭಾಷೆಯನ್ನು ಅಭ್ಯಾಸ ಮಾಡುವ ನಾವೂ ಅವರನ್ನು ಅರಿಯಬೇಕಾದುದಕ್ಕೆ ಬೇರೊಂದು ಕಾರಣವಿದೆ.

1821ರ ಅಕ್ಟೋಬರ್ 13ರಂದು ಪ್ರಷ್ಯದ ಪೊಮೆರೇನಿಯ ಪ್ರಾಂತದ ಸಣ್ಣ ಊರೊಂದರಲ್ಲಿ ಜನಿಸಿದ ವಿರ್ಚೋ, ಬರ್ಲಿನ್‌ನಲ್ಲಿ ವೈದ್ಯಶಾಸ್ತ್ರವನ್ನು ಓದಿ 1843ರಲ್ಲಿ ಪದವಿ ಪಡೆದರು. ಬಳಿಕ ಅಲ್ಲಿನ ಶಾರಿಟೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. 1848ರ ಆರಂಭದಲ್ಲಿ ಮೇಲಣ ಸೈಲೇಷಿಯಾದಲ್ಲಿ ಟೈಫಸ್ ಜ್ವರ ಹಬ್ಬಿದಾಗ ಸರ್ಕಾರ ಅವರನ್ನು ತನಿಖೆಗೆ ಕಳುಹಿಸಿತು. ಸುಮಾರು ಮೂರು ವಾರ ಅವರು ಅಲ್ಲಿ ಗುಡಿಸಲಿಂದ ಗುಡಿಸಲಿಗೆ ತಿರುಗಿದರು. ಬೆಳೆ ಕೈಕೊಟ್ಟಿತ್ತು, ಜನ ಹಸಿದಿದ್ದರು, ಒಂದೇ ಕೋಣೆಯಲ್ಲಿ ಇಡೀ ಸಂಸಾರ ಕಿಕ್ಕಿರಿದಿತ್ತು. ಪ್ರಜೆಗಳ ಮಾತು ಪೋಲಿಷ್, ಆಡಳಿತದ ಭಾಷೆ ಜರ್ಮನ್.

ಸರ್ಕಾರವು ನಿರೀಕ್ಷಿಸಿದ್ದು ಔಷಧದ ಸಲಹೆಯನ್ನು. ವಿರ್ಚೋ ಕೊಟ್ಟದ್ದು ರಾಜ್ಯಾಡಳಿತದ ಚಿಕಿತ್ಸೆಯನ್ನು. ಸ್ವಾಯತ್ತ ಆಡಳಿತ, ಶಿಕ್ಷಣ, ರಸ್ತೆಗಳು, ಕೃಷಿಯ ಸುಧಾರಣೆ, ತೆರಿಗೆಯ ಭಾರವನ್ನು ಬಡವರಿಂದ ಉಳ್ಳವರಿಗೆ ವರ್ಗಾಯಿಸುವುದು ಇವೆಲ್ಲ ಅವರ ವರದಿಯ ಶಿಫಾರಸುಗಳಾಗಿದ್ದವು. ಪೋಲಿಷ್ ಭಾಷೆಗೆ ಆಡಳಿತದಲ್ಲಿ ಸ್ಥಾನ ದೊರೆಯಬೇಕೆಂಬುದೂ ಅವುಗಳಲ್ಲಿ ಒಂದು. ಮನೆಯಲ್ಲಿ ಒಂದು ನುಡಿ, ಕಚೇರಿಯಲ್ಲಿ ಇನ್ನೊಂದು ನುಡಿ ಇರುವ ಗಡಿನಾಡಿನಲ್ಲಿ ಬೆಳೆದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿಳಿಯದ ಭಾಷೆಯಲ್ಲಿ ಬಂದ ಆರೋಗ್ಯದ ಸೂಚನೆ, ಬಾರದ ಸೂಚನೆಗೆ ಸಮಾನ.

ಬರ್ಲಿನ್‌ಗೆ ಮರಳಿದ ಕೆಲವೇ ದಿನಗಳಲ್ಲಿ ಅವರು ಮಾರ್ಚ್ ಕ್ರಾಂತಿಯಲ್ಲಿ ಪಾಲ್ಗೊಂಡರು. ಜುಲೈಯಿಂದ ವೈದ್ಯಕೀಯ ಸುಧಾರಣೆಗೆ ಮೀಸಲಾದ ವಾರಪತ್ರಿಕೆಯೊಂದನ್ನು ಲಾಯ್ಬುಷರ್ ಅವರೊಡನೆ ಹೊರಡಿಸಿದರು. ಪ್ರಜೆಗಳ ಆರೋಗ್ಯವನ್ನು ಕಾಪಾಡುವುದು ರಾಜ್ಯದ ಹೊಣೆ, ಬಡವನಿಗೆ ದೊರೆಯುವ ಚಿಕಿತ್ಸೆ ದಾನವಲ್ಲ, ಹಕ್ಕು ಎಂಬುದು ಅವರ ನಿಲುವಾಗಿತ್ತು. ಕ್ರಾಂತಿ ಸೋತಿತು, ಪತ್ರಿಕೆ ವರ್ಷದೊಳಗೆ ನಿಂತಿತು, ಅವರ ಹುದ್ದೆಗೂ ಕುತ್ತು ಬಂದಿತು. 1849ರಲ್ಲಿ ಅವರು ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ತೆರಳಿದರು.

1856ರಲ್ಲಿ ಬರ್ಲಿನ್ ಅವರನ್ನು ಮತ್ತೆ ಕರೆಸಿಕೊಂಡಿತು. 1858ರಲ್ಲಿ ಜೀವಕೋಶ ರೋಗವಿಜ್ಞಾನದ ಗ್ರಂಥ ಪ್ರಕಟವಾಯಿತು. ಮರುವರ್ಷವೇ ನಗರಸಭೆಗೆ ಆಯ್ಕೆಯಾಗಿ, ಜೀವಿತದ ಕೊನೆಯವರೆಗೂ ಸದಸ್ಯರಾಗಿದ್ದರು. 1861ರಲ್ಲಿ ಪ್ರಗತಿ ಪಕ್ಷದ ಸ್ಥಾಪಕರಲ್ಲಿ ಒಬ್ಬರಾದರು. ಪ್ರಷ್ಯದ ಶಾಸನಸಭೆಯಲ್ಲಿ ಬಿಸ್ಮಾರ್ಕ್‌ರನ್ನು ಎಷ್ಟು ಕಟುವಾಗಿ ವಿರೋಧಿಸಿದರೆಂದರೆ, 1865ರಲ್ಲಿ ಆತ ದ್ವಂದ್ವಯುದ್ಧಕ್ಕೇ ಕರೆದನು, ವಿರ್ಚೋ ಒಪ್ಪಲಿಲ್ಲ. 1880ರಿಂದ 1893ರವರೆಗೆ ಅವರು ಜರ್ಮನಿಯ ಸಂಸತ್ತಿನಲ್ಲಿಯೂ ಇದ್ದರು.

ಯೌವನದ ಕನಸು ಈ ಹಂತದಲ್ಲಿ ಒಳಚರಂಡಿಯಾಗಿ, ಆಸ್ಪತ್ರೆಯಾಗಿ, ಮಾಂಸ ತಪಾಸಣೆಯ ನಿಯಮವಾಗಿ ರೂಪ ತಳೆಯಿತು. ಬರ್ಲಿನ್‌ನ ಕೊಳಚೆ ನೀರನ್ನು ಊರಾಚೆಯ ಹೊಲಗಳಿಗೆ ಸಾಗಿಸುವ ಯೋಜನೆಗೆ ಅವರ ಬೆಂಬಲವೇ ಬಲವಾಯಿತು.

ಅವರು ದೋಷಾತೀತರಾಗಿರಲಿಲ್ಲ. ಬಾಣಂತಿ ಜ್ವರವನ್ನು ತಡೆಯಲು ವೈದ್ಯರು ಕೈತೊಳೆಯಬೇಕೆಂದ ಸೆಮ್ಮೆಲ್ವೈಸ್‌ರ ವಾದವನ್ನು ಅವರು ಮನ್ನಿಸಲಿಲ್ಲ. ರೋಗಾಣುವಾದವನ್ನೂ ಬಹುಕಾಲ ಶಂಕಿಸಿದರು. ಟೈಫಸ್ ಹೇನಿನಿಂದ ಹರಡುತ್ತದೆಂದು ತಿಳಿದುಬಂದುದು ಅವರು ತೀರಿಕೊಂಡ ಮೇಲೆ, 1909ರಲ್ಲಿ. ಆದರೆ ಹೇನು ಹೆಚ್ಚುವುದು ಹಸಿವು, ಇಕ್ಕಟ್ಟು, ಅಜ್ಞಾನಗಳಿರುವೆಡೆಯಲ್ಲಿಯೇ. ಸೈಲೇಷಿಯಾದಲ್ಲಿ ಅವರು ಕಂಡದ್ದು ಸುಳ್ಳಾಗಲಿಲ್ಲ.

1902ರ ಜನವರಿಯಲ್ಲಿ ಟ್ರಾಮಿನಿಂದ ಇಳಿಯುವಾಗ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ವಿರ್ಚೋ ಪೂರ್ಣವಾಗಿ ಚೇತರಿಸಿಕೊಳ್ಳಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 5ರಂದು ನಿಧನರಾದರು. ಜ್ವರಕ್ಕೆ ಮದ್ದು ಹುಡುಕಲು ಹೋದವರು ಅನ್ನ, ಅಕ್ಷರ, ತಾಯ್ನುಡಿಗಳನ್ನೂ ಮದ್ದಿನ ಪಟ್ಟಿಗೆ ಸೇರಿಸಿದರೆಂಬುದು ನಮ್ಮ ನೆನಪಿನಲ್ಲಿರಲಿ.