ಒಂಬತ್ತು ಸಾವಿರ ಕಲ್ಲುಗಳಿಗೆ ನಂಬರು ಕೊಟ್ಟ ರೈಸ್

ಡೇಟಾಬೇಸ್ ಕೆಲಸದಲ್ಲಿರೋ ಯಾರನ್ನಾದರೂ ಕೇಳಿ, ಕೋಡ್ ಬರೆಯೋದಕ್ಕಿಂತ ಜಾಸ್ತಿ ಹೊತ್ತು ಹೋಗೋದು ಹಳೇ ದಾಖಲೆ ಹೊಂದಿಸೋದರಲ್ಲಿ ಅಂತಾರೆ. ಒಂದೇ ಊರಿಗೆ ಮೂರು ಹೆಸರು, ಒಂದೇ ಹೆಸರಿನ ನಾಲ್ಕು ಊರು. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಈ ಕಸುಬಿನ ಹಿರೀಕ ಅನ್ನಿಸೋದು ಬಿ.ಎಲ್. ರೈಸ್.

ಮಿಷನರಿಯೊಬ್ಬರ ಮಗನಾಗಿ 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದವರು. ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ವಾಪಸ್ ಬಂದು ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಆಮೇಲೆ ವಿದ್ಯಾ ಇಲಾಖೆ, ಮೈಸೂರು ಗೆಜೆಟಿಯರ್, 1881ರ ಜನಗಣತಿ. ಪುರಾತತ್ವದ ಹೊಣೆ ಸಿಕ್ಕಿದ್ದು 1880ರ ದಶಕದಲ್ಲಿ. 1886ರಿಂದ 1905ರವರೆಗೆ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟ ಹೊರಬಂದವು. ಒಳಗೆ ಸುಮಾರು 9 ಸಾವಿರ ಶಾಸನ.

ಪ್ರತಿ ಶಾಸನಕ್ಕೂ ಒಂದು ತಾಲ್ಲೂಕಿನ ಗುರುತು, ಒಂದು ನಂಬರು. ಶ್ರೀರಂಗಪಟ್ಟಣ ಅಂದ್ರೆ ಎಸ್‌ಆರ್, ನಾಗಮಂಗಲ ಅಂದ್ರೆ ಎನ್‌ಜಿ. ಮೂಲ ಪಾಠ ಕನ್ನಡ ಲಿಪಿಯಲ್ಲಿ, ಅದೇ ರೋಮನ್ ಲಿಪಿಯಲ್ಲಿ, ಆಮೇಲೆ ಇಂಗ್ಲಿಷ್ ಅನುವಾದ. ಇದನ್ನ ಬರೀ ಅಚ್ಚುಕಟ್ಟುತನ ಅಂತ ತಳ್ಳಿಹಾಕಬೇಡಿ. ಗಂಗರ ತಾಮ್ರಪಟಗಳನ್ನ ರೈಸ್ ಅಸಲಿ ಅಂದರು, ಫ್ಲೀಟ್ ಎಷ್ಟೋ ಪಟಗಳನ್ನ ನಕಲಿ ಅಂದರು, ಜಗಳ ವರ್ಷಗಟ್ಟಲೆ ನಡೀತು. ಮೂಲ ಪಾಠ ಎಲ್ಲರ ಕೈಲಿದ್ದದ್ದರಿಂದಲೇ ರೈಸ್ ತಪ್ಪು ಅಂತ ವಾದಿಸೋಕೂ ಆಧಾರ ಇತ್ತು. ಇವತ್ತು ತೀರ್ಮಾನ ಮಾತ್ರ ಪ್ರಕಟಿಸಿ ಮೂಲ ಅಂಕಿಅಂಶ ಬೀಗ ಹಾಕಿಡೋ ಸರ್ಕಾರಗಳ ಪಕ್ಕ ಇದನ್ನ ಇಟ್ಟು ನೋಡಿ.

ಹಾಗಂತ ಪೂಜೆ ಮಾಡಬೇಕಿಲ್ಲ. ಕಲ್ಲಿನ ಮುಂದೆ ಕೂತು ನಕಲು ತೆಗೆದ ಪಂಡಿತರು, ಗುಮಾಸ್ತರ ಹೆಸರು ಮುಖಪುಟದಲ್ಲಿಲ್ಲ. ಅವರ ಕೈಕೆಳಗೆ ದುಡಿದ ಆರ್. ನರಸಿಂಹಾಚಾರ್ 1906ರಲ್ಲಿ ಅದೇ ಕುರ್ಚಿಗೆ ಬಂದರು, ಸರಿ. ಮಿಕ್ಕವರಲ್ಲಿ ಎಷ್ಟು ಜನರನ್ನ ನಾವು ಬಲ್ಲೆವು?

ಇನ್ನೊಂದು ತೊಡಕು ನಂಬರಿನಲ್ಲೇ ಇತ್ತು. ದಾಖಲೆಯ ಗುರುತಿನೊಳಗೆ ತಾಲ್ಲೂಕು ಸೇರಿಸಿದರೆ, ತಾಲ್ಲೂಕು ಒಡೆದ ದಿನ ಗುರುತೂ ಒಡೆಯುತ್ತೆ. ರೈಸ್ ಕಾಲದಲ್ಲಿ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅಂತ ಹೆಸರು; ತೊಣ್ಣೂರಿನ ಕಲ್ಲುಗಳು ಶ್ರೀರಂಗಪಟ್ಟಣದ ಲೆಕ್ಕಕ್ಕೆ ಸೇರಿದ್ದವು. ಕೆ.ಆರ್. ಪೇಟೆ ಅದಕ್ಕೂ ಮುಂಚೆ ಅತ್ತಿಕುಪ್ಪೆ. ಮಂಡ್ಯ ಜಿಲ್ಲೆ ಹುಟ್ಟಿದ್ದೇ 1939ರಲ್ಲಿ. ಅಷ್ಟೊತ್ತಿಗೆ ರೈಸ್ ತೀರಿಹೋಗಿ 12 ವರ್ಷ. 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದವರು 1927ರಲ್ಲಿ ಹ್ಯಾರೋದಲ್ಲಿ ಕಣ್ಮುಚ್ಚಿದರು.

ಗಂಟು ಬಿಡಿಸಿದ್ದು ಮೈಸೂರು ವಿಶ್ವವಿದ್ಯಾಲಯದ ವಿದ್ವಾಂಸರು. ಪರಿಷ್ಕೃತ ಆವೃತ್ತಿಯ 6ನೇ ಸಂಪುಟ 1977ರಲ್ಲಿ ಬಂತು, ಅದರಲ್ಲಿ ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ. ನಾಗಮಂಗಲ 7ನೆಯದರಲ್ಲಿ. ಎಲ್ಲಕ್ಕೂ ಹೊಸ ನಂಬರು ಕೊಟ್ಟರು, ಪಕ್ಕದಲ್ಲೇ ರೈಸ್ ಕೊಟ್ಟ ಹಳೇ ನಂಬರನ್ನೂ ಉಳಿಸಿದರು. ಹೊಸ ಸಾಫ್ಟ್‌ವೇರ್ ಬಂತು ಅಂತ ಹಳೇ ನಂಬರು ಎಸೆಯೋ ಕಚೇರಿ ಮುಂದೆ ಸಾಲಲ್ಲಿ ನಿಂತ ರೈತನಿಗೆ ಇದರ ಬೆಲೆ ಗೊತ್ತು. ನೂರು ವರ್ಷದ ಹಿಂದಿನ ಪುಸ್ತಕದಲ್ಲಿ ತೊಣ್ಣೂರಿನ ಶಾಸನಕ್ಕೆ ಶ್ರೀರಂಗಪಟ್ಟಣದ ನಂಬರು ಸಿಕ್ಕರೂ, ಅದನ್ನೇ ಹಿಡಿದು ಇವತ್ತು ಪಾಂಡವಪುರದ ಪುಟಕ್ಕೆ ಹೋಗಬಹುದು.